ಸಮಿತಿಯವರಿಗಾಗಿ ಅರಳಿದ ಹೂ

ಕಳೆದ ಮಾರ್ಚ್‌ನಲ್ಲಿ ಹೊರನಾಡಿನ ಬಸ್ಸು ಮೂಡಿಗೆರೆ ದಾಟಿ ತಿರುವು ಹತ್ತುತ್ತಿದ್ದಾಗ ಕಿಟಕಿಯಿಂದ ಕಾಫಿ ಹೂವಿನ ವಾಸನೆ ನುಗ್ಗಿತು. ಪಕ್ಕದ ಸೀಟಿನವರು "ಆಹಾ" ಎಂದು ಕಣ್ಣು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜು ಎಳೆದೆ. "ಯಾಕ್ರೀ, ಅಲರ್ಜಿಯಾ?" ಎಂದು ಕೇಳಿದರು. ಹೌದು ಎಂದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಆ ವಾಸನೆ ನನಗೆ ಬೇಡವಾದ ವರ್ಷ ಯಾವುದು ಎಂದರೆ ತೊಂಬತ್ತರ ದಶಕದ ಕೊನೆ ಎನ್ನಬಲ್ಲೆ, ಅಷ್ಟೇ. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಎಲ್ಲವನ್ನೂ ಅನುಮಾನಿಸುವುದನ್ನು ಕಲಿತು, ಆ ಕಲಿಕೆಗೆ ಎಲ್ಲೂ ಕೆಲಸ ಸಿಗದೆ ಅಲೆಯುತ್ತಿದ್ದೆ. ಆಗ ಸಿಕ್ಕವರು ಶಕುಂತಲಾ ಮೇಡಂ. ಚಿಕ್ಕಮಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಅಧ್ಯಾಪಕಿ. ನಲವತ್ತು ದಾಟಿದ್ದರು. ಅವರ ಪ್ರಯೋಗಾಲಯವೆಂದರೆ ಎರಡು ಮುರುಕಲು ಸೂಕ್ಷ್ಮದರ್ಶಕ, ಬಾಗಿಲು ಮುಚ್ಚದ ಒಂದು ಬೀರು. ಆದರೆ ತಲೆಯಲ್ಲಿ ಒಂದು ಪ್ರಶ್ನೆ ಇತ್ತು.

ಅರೇಬಿಕಾ ಕಾಫಿಯ ಮೊಗ್ಗು ಚಳಿಗಾಲದಲ್ಲಿ ಮೂಡಿ ಬೇಸಿಗೆಯ ಒಣಹವೆಯಲ್ಲಿ ಹಾಗೇ ನಿದ್ದೆಹೋಗುತ್ತದೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದು ಮಳೆ ಬಿದ್ದರೆ ಎಚ್ಚರಾಗುತ್ತದೆ. ವಾರ ಕಳೆದು ಒಂದೆರಡು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ಬೆಳ್ಳಗಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಮೇಡಂ ಕಂಡದ್ದು ಬೇರೆ. ಒಂದು ತೋಟದ ಒಣಗಿಸುವ ಕಣದ ತಗಡಿನ ಮಾಡಿನಡಿ ಸಿಕ್ಕಿಕೊಂಡಿದ್ದ ಗಿಡವೊಂದು, ಹನಿ ನೀರೂ ತಾಗದೆ, ಪಕ್ಕದ ಗಿಡಗಳ ಜೊತೆಗೇ ಅದೇ ದಿನ ಅರಳಿತ್ತು. ಮಳೆ ಬೀಳದ ಗಿಡಕ್ಕೆ ಮಳೆಯ ಸುದ್ದಿ ಮುಟ್ಟಿಸಿದವರು ಯಾರು? ಮಣ್ಣಿನಡಿ ಬೇರಿನಿಂದ ಬೇರಿಗೆ ಏನಾದರೂ ಹೋಯಿತೇ? ಅಥವಾ ಗಾಳಿ ತಂಪಾದದ್ದೇ ಸಾಕಾಯಿತೇ?

ನಾನು ನಂಬಲಿಲ್ಲ. "ಮಾಡು ಸೋರಿರುತ್ತೆ ಮೇಡಂ" ಎಂದೆ.

"ಇರಬಹುದು. ಅದಕ್ಕೇ ನೀನು ಬೇಕು ನನಗೆ" ಎಂದರು.

ಆಗಲೇ ಕೇಂದ್ರ ಸರ್ಕಾರದ ಒಂದು ಯೋಜನೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ವಿಜ್ಞಾನದ ಅಂಚಿನಲ್ಲಿರುವ, ತಪ್ಪಾಗುವ ಸಾಧ್ಯತೆಯೇ ಹೆಚ್ಚಿರುವ ಪ್ರಶ್ನೆಗಳಿಗೆ ಹಣ ಕೊಡುತ್ತೇವೆ. ಯಾರು ಬೇಕಾದರೂ ಸ್ಪರ್ಧಿಸಬಹುದು. ಹುದ್ದೆ, ವಯಸ್ಸು, ಸಂಸ್ಥೆ ಯಾವುದನ್ನೂ ನೋಡುವುದಿಲ್ಲ. ಗೆದ್ದವರಿಗೆ ಐದು ವರ್ಷ ಬೇರೆ ಕೆಲಸವಿಲ್ಲ, ಸಂಶೋಧನೆ ಮಾತ್ರ.

"ಮೊದಲ ಸುತ್ತಿಗೆ ಹೆಸರೇ ಬರೀಬಾರದಂತೆ ಪ್ರಭಾಕರ. ಕಾಲೇಜಿನ ಹೆಸರೂ ಬೇಡ. ಬರೀ ಪ್ರಶ್ನೆ" ಎಂದು ಮೇಡಂ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಹಿಡಿದು ನಿಂತದ್ದು ನೆನಪಿದೆ.

"ಅಂಥದ್ದೆಲ್ಲ ಇರಲ್ಲ ಮೇಡಂ. ಯಾರಿಗೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ."

"ಆಗಿದ್ರೆ ಆಗಿರಲಿ. ನಮ್ಮ ಪ್ರಶ್ನೆ ಒಬ್ಬರಾದರೂ ಓದ್ತಾರಲ್ಲ."

ಓದಿದರು. ಮೊದಲ ಸುತ್ತಿನಲ್ಲಿ ಆಯ್ಕೆಯಾಯಿತು. ಹಿಂದಿನ ಬೇಸಿಗೆಯಲ್ಲಿ ನಾವು ಸಣ್ಣದಾಗಿ ಮಾಡಿನೋಡಿದ್ದರ ಫಲಿತಾಂಶ ಕಳಿಸಿದ ಮೇಲೆ ಎರಡನೆಯದರಲ್ಲೂ ಆಯಿತು. ಕೊನೆಯ ಸುತ್ತಿಗೆ ಸಮಿತಿಯೇ ಬಂದು ಪ್ರಯೋಗ ನಡೆಯುವ ಜಾಗ ನೋಡುವುದೆಂದಾಯಿತು. ಆ ದಿನಗಳಲ್ಲಿ ನನ್ನ ಅನುಮಾನದ ಬುದ್ಧಿಗೇ ಪೆಟ್ಟು ಬಿದ್ದಿತ್ತು. ಗೆದ್ದರೆ ಮೇಡಂಗೆ ತರಗತಿ, ಪರೀಕ್ಷೆ, ಜನಗಣತಿಗಳಿಂದ ಬಿಡುಗಡೆ. ನನಗೆ ಒಂದು ಕೆಲಸ, ಪಿಎಚ್.ಡಿ. ಎಲ್ಲಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಗೆ ಒಂದು ಬಾಳು ಸಿಗುತ್ತಿತ್ತು.

ಪ್ರಯೋಗ ನಡೆದದ್ದು ದೇವರಮನೆ ಬೆಟ್ಟದ ಕಡೆಯ ಇಳಿಜಾರಿನಲ್ಲಿ, ಉದ್ದೇಗೌಡರ ತೋಟದಲ್ಲಿ. ಗೌಡರ ತಮ್ಮನ ಮಗಳು ಮೇಡಂ ಶಿಷ್ಯೆ. ಕೇಳಿದ್ದೇ ತಡ, ಒಂದು ಅರೇಬಿಕಾ ಬ್ಲಾಕನ್ನೇ ಬಿಟ್ಟುಕೊಟ್ಟಿದ್ದರು. ನಾಲ್ಕು ಸಾಲು ಗಿಡಗಳ ಮೇಲೆ ನಾವು ಬಿದಿರು ನಿಲ್ಲಿಸಿ ಪ್ಲಾಸ್ಟಿಕ್ ಮಾಡು ಕಟ್ಟಿದೆವು. ಎರಡು ಸಾಲಿನ ಸುತ್ತ ಆಳವಾಗಿ ಕಂದಕ ತೋಡಿ, ಬೇರು ಹೊರಗಿನ ಗಿಡಗಳ ಬೇರನ್ನು ಮುಟ್ಟದಂತೆ ದಪ್ಪ ಹಾಳೆ ಇಳಿಸಿದೆವು. ಉಳಿದೆರಡು ಸಾಲಿಗೆ ಕಂದಕವಿಲ್ಲ. ಮಳೆ ಬಿದ್ದಾಗ ಕಂದಕವಿಲ್ಲದವು ಮಾತ್ರ ಅರಳಿದರೆ ಸುದ್ದಿ ಬೇರಿನಿಂದ ಬಂದದ್ದು. ಎಲ್ಲವೂ ಅರಳಿದರೆ ಗಾಳಿಯಿಂದ. ಯಾವುದೂ ಅರಳದಿದ್ದರೆ ಮೇಡಂ ತಪ್ಪು, ಮಾಡು ಸೋರಿದ್ದೇ ನಿಜ. ಇಷ್ಟು ಸರಳ. ಆದರೆ ಆ ನಾಲ್ಕು ಸಾಲಿಗೆ ಡಿಸೆಂಬರಿನಿಂದ ಒಂದು ಹನಿ ನೀರೂ ಬೀಳಬಾರದು.

ಆಳುಗಳಿಗೆ ನಮ್ಮ ಮಾಡು ದೊಡ್ಡ ತಮಾಷೆ. 'ಮೇಡಂ ಚಪ್ಪರ' ಎಂದು ಹೆಸರಿಟ್ಟಿದ್ದರು. ಲಚ್ಚಿ ಎಂಬ ಹೆಂಗಸು ಹಣ್ಣಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದಿನವೂ ಕೇಳುತ್ತಿದ್ದಳು: "ಎಂತ ಸ್ವಾಮಿ, ಚಪ್ಪರ ಹಾಕಿ ಎಷ್ಟು ದಿನ ಆಯ್ತು, ಮದುವೆ ಯಾವಾಗ?"

"ಮಳೆ ಬಂದ ದಿನ ಲಚ್ಚಕ್ಕ."

"ಮಳೆ ತಾಗಬಾರದು ಅಂತ ಚಪ್ಪರ, ಮಳೆ ಬಂದ ದಿನ ಮದುವೆ! ಓದಿದವ್ರ ಲೆಕ್ಕವೇ ಬೇರೆ ಮಾರಾಯ್ರೆ."

ಗೌಡರು ಮಾತ್ರ ನಗುತ್ತಿರಲಿಲ್ಲ. ಅರವತ್ತು ದಾಟಿದ ದಪ್ಪನೆಯ ಆಸಾಮಿ. ಸಂಜೆ ಬಂದು ಮಾಡಿನ ಪಕ್ಕ ಕೊಡೆ ಊರಿಕೊಂಡು ನಿಲ್ಲುತ್ತಿದ್ದರು. "ಸೈನ್ಸ್ ಮಾಸ್ತರೇ, ಇದು ದೆಲ್ಲಿ ತನಕ ಹೋಗ್ತದಾ?" ಎನ್ನುತ್ತಿದ್ದರು. ಮನೆಗೆ ಕರೆದು ಅಕ್ಕಿರೊಟ್ಟಿ ತಿನ್ನಿಸದೆ ಕಳಿಸಿದವರಲ್ಲ. ಅತಿಥಿ ಎಂದರೆ ಅವರಿಗೆ ಒಂದು ಹುಚ್ಚು. ಮಗಳ ಮದುವೆಗೆ ಬಯಲುಸೀಮೆಯ ಬೀಗರು ಬರುವ ದಿನಕ್ಕೆ ಸರಿಯಾಗಿ, ಹಿಂದಿನ ವಾರವೇ ರಸ್ತೆಬದಿಯ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿಸಿ, ಅವರ ಕಾರು ಗೇಟು ದಾಟುವಾಗ ಎರಡೂ ಕಡೆ ಹೂ ತುಂಬಿ ನಿಲ್ಲುವಂತೆ ಮಾಡಿದ್ದರಂತೆ. ಆ ಕತೆಯನ್ನು ಅವರು ಹೇಳಿದಷ್ಟೂ ಸಲ ಬೀಗರ ಕಾರುಗಳ ಸಂಖ್ಯೆ ಹೆಚ್ಚುತ್ತಿತ್ತು. ಇಲ್ಲಿಯ ದೊಡ್ಡ ಮನೆಗಳಲ್ಲಿ ಇದೊಂದು ಮರ್ಯಾದೆ. ಬಂದವರು ಬೋಳು ಗಿಡ ನೋಡಿ ಹೋದರೆ ಊಟ ಹಾಕದೆ ಕಳಿಸಿದಂತೆ.

ಸಮಿತಿ ತನ್ನ ಅನುಕೂಲ ನೋಡಿ ಮಾರ್ಚ್ ಕೊನೆಯ ಒಂದು ದಿನ ಗೊತ್ತುಮಾಡಿತು. ಮಳೆಯ ಸುಳಿವಿಲ್ಲ. ಗುಡ್ಡದ ಹುಲ್ಲು ಸುಟ್ಟ ಬಣ್ಣಕ್ಕೆ ತಿರುಗಿತ್ತು. ಸಿಲ್ವರ್ ಓಕ್ ಎಲೆಗಳು ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿದ್ದವು. ಮೇಡಂ ದಿನ ಮುಂದೂಡಿ ಎಂದು ಕೇಳಿಕೊಂಡರು. ಆಗುವುದಿಲ್ಲ, ಉಳಿದ ಸ್ಪರ್ಧಿಗಳಿಗೂ ಅದೇ ನಿಯಮ ಎಂದರು. ನ್ಯಾಯವಾದ ಮಾತು.

ಅದೇ ಹೊತ್ತಿಗೆ ಕಾಲೇಜಿನಲ್ಲಿ ವಾರ್ಷಿಕ ಪರೀಕ್ಷೆ. ಮೇಡಂಗೆ ಎರಡು ವಾರ ಕೊಠಡಿ ಮೇಲ್ವಿಚಾರಣೆ, ರಜೆ ಇಲ್ಲ. ನಾನೂ ಅವರ ಜೊತೆ ಚಿಕ್ಕಮಗಳೂರಿಗೆ ಹೊರಟೆ, ಸಮಿತಿಗೆ ತೋರಿಸುವ ಚಿತ್ರಪಟಗಳನ್ನು ಬರೆಸಬೇಕಿತ್ತು. ಹೊರಡುವಾಗ ಗೌಡರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಮೇಡಂ ಒಂದು ಮಾತು ಆಡಿದರು. ಆ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ ಈಗ ಅದರ ಮೂಲ ಶಬ್ದಗಳು ಉಳಿದಿವೆಯೇ ಗೊತ್ತಿಲ್ಲ.

"ಅಷ್ಟರಲ್ಲಿ ಮಳೆ ಬರದಿದ್ರೆ ಅವರಿಗೆ ಹೂ ನೋಡೋಕೆ ಸಿಗಲ್ಲ ಗೌಡ್ರೇ. ಆದ್ರೂ ಪರವಾಗಿಲ್ಲ, ಪ್ರಯೋಗ ನೋಡಲಿ."

ಗೌಡರು ಕೇಳಿಸಿಕೊಂಡದ್ದು ಮೊದಲ ಅರ್ಧ. "ನೀವು ಯೋಚನೆ ಮಾಡ್ಬೇಡಿ ಮೇಡಂ. ಪರೀಕ್ಷೆ ಮುಗಿಸ್ಕೊಂಡು ಬನ್ನಿ. ಇಲ್ಲಿ ನಾನಿದ್ದೇನಲ್ಲ" ಎಂದರು. ನಮಗೆ ಅದು ಧೈರ್ಯದ ಮಾತಾಗಿ ಕೇಳಿತು.

ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನ ವಾಪಸಾದೆವು. ಜೀಪು ತೋಟದ ಗೇಟಿಗೆ ಬರುವ ಮೊದಲೇ ವಾಸನೆ ಬಂತು. ಚಾಲಕ ಕೇಳಿದ: "ಅರೇ, ಇಲ್ಲಿ ಮಳೆ ಬಂದಿದೆಯಾ?" ಮೇಡಂ ಕೈಯಲ್ಲಿದ್ದ ಚಿತ್ರಪಟದ ಸುರುಳಿಯನ್ನು ಎದೆಗೆ ಒತ್ತಿ ಹಿಡಿದಿದ್ದರು.

ಇಡೀ ಗುಡ್ಡ ಕಂದು ಬಣ್ಣಕ್ಕಿತ್ತು. ಅದರ ನಡುವೆ ನಮ್ಮ ಬ್ಲಾಕ್ ಒಂದು ಮಾತ್ರ ಬಿಳಿ. ಪ್ರತಿ ಗಿಡದ ಪ್ರತಿ ಗಿಣ್ಣಿಗೂ ಹೂ. ಜೇನುನೊಣಗಳ ಗುಂಯ್ ಎನ್ನುವ ಸದ್ದು ರಸ್ತೆಯವರೆಗೆ ಕೇಳುತ್ತಿತ್ತು. ನಮ್ಮ ಮಾಡಿನ ಮಾಸಿದ ಪ್ಲಾಸ್ಟಿಕ್ ಹೋಗಿ ಹೊಚ್ಚಹೊಸ ಪ್ಲಾಸ್ಟಿಕ್ ಬಂದಿತ್ತು. ಅದರಡಿ ನಾಲ್ಕೂ ಸಾಲು, ಕಂದಕ ಇದ್ದವು ಇಲ್ಲದವು ಎಲ್ಲ, ಒಂದೇ ಸಮ ಅರಳಿ ನಿಂತಿದ್ದವು.

ಗೌಡರು ಬಿಳಿ ಪಂಚೆ ಉಟ್ಟು ಕಾಯುತ್ತಿದ್ದರು. ಮುಖದಲ್ಲಿ ಮದುವೆ ಮನೆಯ ಯಜಮಾನನ ಕಳೆ. "ಹೆಂಗೆ ಮೇಡಂ? ರೋಬಸ್ಟಾದಿಂದ ಪೈಪ್ ಎಲ್ಲ ಇಲ್ಲಿಗೆ ಹೊರಿಸಿದೆ. ಎರಡು ದಿನ ಸ್ಪ್ರಿಂಕ್ಲರ್ ಜೆಟ್ ತಿರುಗಿಸಿದ್ದು. ಅವ್ರು ಬರೋ ದಿನಕ್ಕೆ ಕರೆಕ್ಟಾಗಿ ಹೊಡೆದಿದೀನಿ ನೋಡಿ!"

"ಮಾಡಿನ ಒಳಗೂ ನೀರು ಹೋಯ್ತಾ ಗೌಡ್ರೇ?" ಮೇಡಂ ಸ್ವರ ಬಹಳ ಸಣ್ಣಗಿತ್ತು.

"ಬಿಟ್ಟೇನಾ? ಪ್ಲಾಸ್ಟಿಕ್ ಬಿಚ್ಚಿಸಿ ಸರಿಯಾಗಿ ಕುಡಿಸಿದೆ. ಹೊರಗೆಲ್ಲ ಹೂ ಇದ್ದು ಒಳಗೆ ಬೋಳಾದ್ರೆ ನಿಮ್ಮ ಮರ್ಯಾದೆ ಎಂತ ಆಗ್ಬೇಕು? ಆಮೇಲೆ ಹೊಸ ಪ್ಲಾಸ್ಟಿಕ್ಕೇ ಹಾಕಿಸಿದೆ. ಮಾಸಿದ್ದು ತೋರಿಸೋದು ಬೇಡ ಅಂತ."

ಮೇಡಂ ಕಲ್ಲಿನ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಕೂಗಾಡಿದೆ ಎಂದು ನನ್ನ ನೆನಪು. ಮೇಡಂ ಆಮೇಲೊಮ್ಮೆ, ನೀನು ಒಂದು ಮಾತೂ ಆಡಲಿಲ್ಲ ಎಂದರು. ಯಾವುದು ನಿಜವೋ. ಏನು ಆಯಿತೆಂದು ಗೌಡರಿಗೆ ತಿಳಿಸಿ ಹೇಳಿದವರು ಮೇಡಮ್ಮೇ, ತರಗತಿಯಲ್ಲಿ ಪಾಠ ಮಾಡುವಷ್ಟೇ ಸಮಾಧಾನದಿಂದ. ಅವರು ಹೇಳುತ್ತಾ ಹೋದಂತೆ ಗೌಡರು ಕಂದಕದವರೆಗೆ ಹೋಗಿ ಬಗ್ಗಿ ಹಾಳೆಯನ್ನು ಮುಟ್ಟಿ ನೋಡಿದರು.

"ಹಂಗಾದ್ರೆ... ನಾನು ಹೊಡೆದ ನೀರು..."

"ಹೌದು ಗೌಡ್ರೇ."

ಗೌಡರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಒಂದು ಕೆಲಸ ಮಾಡುವ. ನಾನು ನೀರು ಹಾಕಿಸಿದ್ದು ಅಂತ ಯಾರು ಹೇಳ್ತಾರೆ? ಆಳುಗಳ ಬಾಯಿ ನಾನು ನೋಡ್ಕೊಳ್ತೀನಿ. ಮೋಡ ಬಂದು ಇಷ್ಟೇ ಜಾಗಕ್ಕೆ ಸುರಿದು ಹೋಯ್ತು ಅಂತ ಹೇಳಿ. ನಮ್ಮ ಕಡೆ ಆಗ್ತದಲ್ಲ ಮಾರಾಯ್ರೆ, ರಸ್ತೆ ಆ ಕಡೆ ಮಳೆ, ಈ ಕಡೆ ಬಿಸಿಲು."

ಆಗ್ತದೆ, ನಿಜ. ಯಾರೂ ಪ್ರಶ್ನಿಸುತ್ತಿರಲಿಲ್ಲ. ಕಂದಕದೊಳಗಿನ ಗಿಡವೂ ಅರಳಿದ್ದರಿಂದ ಸುದ್ದಿ ಗಾಳಿಯಲ್ಲೇ ಹಾರುತ್ತದೆ ಎಂದು ಹೇಳಬಹುದಿತ್ತು. ಸಮಿತಿ ಬೆರಗಾಗುತ್ತಿತ್ತು. ಮೇಡಂ ಗೌಡರ ಮುಖವನ್ನೇ ನೋಡಿ, "ಬೇಡ ಗೌಡ್ರೇ. ಸುಳ್ಳು ಉತ್ತರಕ್ಕೆ ಐದು ವರ್ಷ ಹಿಡಿಯೋದಿಲ್ಲ, ಈಗಲೇ ಸಿಕ್ಕಿಬಿಡ್ತು. ನನಗೆ ಅದು ಬೇಡ" ಎಂದರು.

ಮರುದಿನ ಮೂವರು ಬಂದರು. ಅಧ್ಯಕ್ಷರು ಧಾರವಾಡ ಕಡೆಯ ವಯಸ್ಸಾದ ವಿಜ್ಞಾನಿ, ಕ್ಯಾನ್ವಾಸ್ ಶೂ, ತಲೆಗೆ ಉಣ್ಣೆಯ ಟೋಪಿ. ಕಾರಿನಿಂದ ಇಳಿದವರೇ ನೇರ ಹೂವಿನ ಕಡೆ ನಡೆದರು. ಒಬ್ಬರು ಕ್ಯಾಮೆರಾ ತೆಗೆದರು. ಗೌಡರು ಎಣಿಸಿದ್ದು ಸರಿಯಾಗಿಯೇ ಇತ್ತು. ಅತಿಥಿಗಳು ಅಂಥದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ.

ಮೇಡಂ ಅವರ ಸಂತೋಷ ಮುಗಿಯುವವರೆಗೂ ಕಾಯಲಿಲ್ಲ. "ಸರ್, ಇದು ಮಳೆಗೆ ಬಿಟ್ಟ ಹೂವಲ್ಲ. ಈ ವರ್ಷದ ಪ್ರಯೋಗ ಹಾಳಾಗಿದೆ. ಹೇಗೆ ಅಂತ ಹೇಳ್ತೀನಿ" ಎಂದು ಎಲ್ಲವನ್ನೂ ಹೇಳಿದರು. ಗೌಡರು ಮಾಡಿನ ಆ ತುದಿಯಲ್ಲಿ, ಹಲಸಿನ ಮರದ ಹಿಂದೆ, ತಮ್ಮದೇ ತೋಟದಲ್ಲಿ ಕಳ್ಳನಂತೆ ನಿಂತಿದ್ದರು.

ಅಧ್ಯಕ್ಷರು ಒಳ್ಳೆಯವರು. ಅದೇ ನನ್ನ ಕಷ್ಟ. "ನಿನ್ನ ಪ್ರಶ್ನಿ ಭಾಳ ಛಲೋ ಅದ ತಾಯಿ. ಬಂದದ್ದರೊಳಗ ಇದು ನನಗ ಎಲ್ಲಕ್ಕಿಂತ ಸೇರಿತ್ತು" ಎಂದರು. "ಆದ್ರ ಒಂದು ಮಾತು ಹೇಳು. ಪ್ರಯೋಗದ ಜಾಗಾನ ನಿನ್ನ ಕೈಯಾಗ ಇಲ್ಲ. ಯಾರೋ ಪ್ರೀತಿಲೆ ಒಂದು ಕೊಳಾಯಿ ತಿರುವಿದ್ರ ವರ್ಷದ ಕೆಲಸ ಹೋತು. ಇಂಥಾ ಕಡೆ ಜನರ ರೊಕ್ಕ ಹ್ಯಾಂಗ ಹಾಕಲಿ?"

"ಜಾಗ, ಬೇಲಿ, ಕಾವಲು, ರಜೆ ಎಲ್ಲ ಇದ್ದವರಿಗೆ ಮೊದಲೇ ಇರುತ್ತಲ್ಲ ಸರ್. ಇಲ್ಲದವರೂ ಸ್ಪರ್ಧಿಸಬಹುದು ಅಂತ ತಾನೇ ನೀವು ಕರೆದದ್ದು?"

ಅವರು ಟೋಪಿ ತೆಗೆದು ತಲೆ ಸವರಿಕೊಂಡರು. "ಕರದೇವಿ. ಖರೇ. ಕೊಡೂದು ಮಾತ್ರ ಕಣ್ಣಾರೆ ನೋಡಿದ್ದಕ್ಕ ತಾಯಿ."

ಊಟ ಗೌಡರ ಮನೆಯಲ್ಲಿ ಆಗಲೇ ಸಿದ್ಧವಾಗಿತ್ತು. ನನ್ನನ್ನು ಬಿಟ್ಟು ಎಲ್ಲರೂ ಉಂಡರು. ಗೌಡರು ಒಬ್ಬೊಬ್ಬರ ಎಲೆಯ ಮುಂದೂ ನಿಂತು ಬಡಿಸಿದರಂತೆ.

ಆ ಹೊತ್ತಿಗೆ ನಾನು ಉಣ್ಣಲಾರದೆ ಮಾಡಿನ ಕಡೆ ಹೋಗಿದ್ದೆ. ಕಂದಕವಿಲ್ಲದ ಸಾಲಿನ ತುದಿಯಲ್ಲಿ ಒಂದು ಗಿಡ. ಅಲ್ಲಿ ಮಾಡಿನ ಹಾಳೆಯನ್ನು ನಾವು ಹಲಸಿನ ಕೊಂಬೆಗೆ ಬಿಗಿದು ಕಟ್ಟಿದ್ದರಿಂದ ಆಳುಗಳು ಅದೊಂದು ತುಂಡನ್ನು ಬಿಚ್ಚಿರಲಿಲ್ಲ. ಹಳೆಯ ಪ್ಲಾಸ್ಟಿಕ್ಕೇ ಇತ್ತು. ಬಗ್ಗಿ ನೋಡಿದೆ. ಬುಡದ ಮಣ್ಣು ಪುಡಿ ಧೂಳು. ಇರುವೆ ಹಿಡಿಯುವ ಹುಳು ತೋಡುವ ಬಟ್ಟಲಿನಂಥ ಪುಟ್ಟ ಗುಂಡಿಗಳು ಅಂಚು ಕೂಡ ಕದಡದೆ ಇದ್ದವು. ನೀರು ತಾಗಿದ್ದರೆ ಅವು ಉಳಿಯುತ್ತಿರಲಿಲ್ಲ. ತಲೆ ಎತ್ತಿದರೆ ಗಿಡದ ಕೊಂಬೆಯಲ್ಲಿ ಹೂ.

ಓಡಿಬಂದು ಮೇಡಂಗೆ ಹೇಳಿದೆ. ಸಮಿತಿಯ ಕಾರು ಹೊರಟು ಹೋಗಿತ್ತು. ಅವರು ಜಗಲಿಯ ಕಂಬಕ್ಕೆ ಒರಗಿದ್ದರು.

"ಎಷ್ಟು ಗಿಡ?"

"ಒಂದು ಮೇಡಂ. ಆದ್ರೆ ಮಣ್ಣು ಪೂರ್ತಿ ಒಣ. ಬನ್ನಿ, ನೋಡಿ."

"ಬೇಡ."

"ಯಾಕೆ ಮೇಡಂ?"

"ಎರಡು ದಿನ ಪಕ್ಕದಲ್ಲೇ ಜೆಟ್ ತಿರುಗಿದೆ. ಎಲೆ ಮೇಲೆ ಹನಿ ಹಾರಿರುತ್ತೋ ಇಲ್ವೋ, ಈಗ ಯಾರು ಹೇಳೋರು? ನಾನು ಬಂದು ನೋಡಿದ್ರೆ ನಂಬಿಬಿಡ್ತೀನಿ ಪ್ರಭಾಕರ. ಆಮೇಲೆ ಜೀವನಪೂರ್ತಿ ಅದನ್ನ ಎಲ್ಲರಿಗೂ ಹೇಳ್ಕೊಂಡು ತಿರುಗ್ತೀನಿ. ಅಂಥವರನ್ನ ನೀನು ನೋಡಿಲ್ವಾ?"

ನಾವು ಮಾತಾಡುತ್ತಿರುವಾಗಲೇ ಮಳೆ ಬಂತು, ನಿಜವಾದದ್ದು, ಗುಡುಗಿನ ಜೊತೆ. ಅಥವಾ ಎರಡು ದಿನ ಬಿಟ್ಟು ಬಂತೋ. ಅದೇ ಸಂಜೆ ಬಂದಿತೆಂದರೆ ಕತೆಗೆ ಚೆನ್ನಾಗಿ ಒಪ್ಪುತ್ತದೆ. ಆ ಕಾರಣಕ್ಕೇ ನನಗೆ ಅನುಮಾನ.

ಯೋಜನೆ ಬೇರೆಯವರಿಗೆ ಹೋಯಿತು. ಗೆದ್ದವರ ವಿಷಯ ಓದಿದೆ. ಒಳ್ಳೆಯ ಕೆಲಸ, ದೊಡ್ಡ ಸಂಸ್ಥೆ. ಮೋಸವಾಗಿದ್ದರೆ ಬೈದುಕೊಂಡು ಬದುಕಬಹುದಿತ್ತು. ಯಾರೂ ಮೋಸ ಮಾಡಲಿಲ್ಲ. ಅದೇ ಪ್ರಶ್ನೆಯನ್ನು ಮತ್ತೆ ಕಳಿಸುವಂತಿಲ್ಲ ಎಂಬುದು ನಿಯಮ. ಬೇರೆ ಕಡೆ ಹಣ ಕೇಳಿದರೆ, ಆಗಲೇ ತಿರಸ್ಕೃತವಾದದ್ದಲ್ಲವೇ ಎಂದರು. ಮುಂದಿನ ವರ್ಷ ಮೇಡಂಗೆ ಬಯಲುಸೀಮೆಯ ಒಂದು ಊರಿಗೆ ವರ್ಗವಾಯಿತು. ಅಲ್ಲಿ ಕಾಫಿ ಗಿಡವಿಲ್ಲ. ನಾನು ಬೀಜದ ಕಂಪನಿಯೊಂದರಲ್ಲಿ ಮಾರಾಟಕ್ಕೆ ಸೇರಿದೆ. ಕೆಲವು ವರ್ಷಗಳಲ್ಲಿ ಕಾಂಡಕೊರಕ ಹುಳು ಬಿದ್ದು ಗೌಡರು ಆ ಬ್ಲಾಕಿನ ಅರೇಬಿಕಾವನ್ನೆಲ್ಲ ಕೀಳಿಸಿ ಸುಟ್ಟು ರೋಬಸ್ಟಾ ಹಾಕಿಸಿದರು. ಮೇಡಂಗೆ ಫೋನು ಮಾಡಿದಾಗಲೆಲ್ಲ ನಾವು ಆರೋಗ್ಯದ ಮಾತಾಡುತ್ತಿದ್ದೆವು. ನಿವೃತ್ತಿಗೆ ಮೊದಲೇ ಅವರು ತೀರಿಕೊಂಡರು.

ಆ ವಾರವೇ ನಾನು ಗೌಡರ ಮನೆಗೆ ಹೋದೆ. ಹೇಳಬೇಕಾದವರು ಬೇರೆ ಯಾರೂ ಇರಲಿಲ್ಲ. ಗೌಡರು ತುಂಬಾ ಇಳಿದಿದ್ದರು, ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಸುದ್ದಿ ಕೇಳಿ, ಒಳಗೆ ಕೂಗಿ ಕಾಫಿ ತರಲು ಹೇಳಿದರು. ನಾನು ಕೇಳಬಾರದೆಂದುಕೊಂಡೇ ಕೇಳಿದೆ.

"ಗೌಡ್ರೇ, ಅವತ್ತು ಹಲಸಿನ ಮರದ ಹತ್ರ ತುದೀಲಿ ಒಂದು ಗಿಡ ಇತ್ತು. ಅದಕ್ಕೆ ನೀರು ತಾಗಿರಲಿಲ್ಲ. ಹೂ ಬಿಟ್ಟಿತ್ತು ಅಲ್ವಾ?"

"ಬಿಟ್ಟಿತ್ತಲ್ಲ ಮಾರಾಯ್ರೆ! ನಾನೇ ಕಣ್ಣಾರೆ ನೋಡಿದ್ದೆ. ಬುಡ ಪೂರಾ ಒಣ, ಮೇಲೆ ಇಷ್ಟು ಹೂ."

ಒಂದು ಕ್ಷಣ, ಒಂದೇ ಕ್ಷಣ, ನನ್ನ ಜೊತೆ ಇನ್ನೊಬ್ಬ ಸಾಕ್ಷಿ ಇದ್ದ. ಆಮೇಲೆ ಅನುಮಾನದ ಹಳೆಯ ಅಭ್ಯಾಸ ತಲೆ ಎತ್ತಿತು. ಕಾಫಿ ಲೋಟ ಬರುವವರೆಗೆ ಕಾದು, ಬೇರೆ ದನಿಯಲ್ಲಿ ಕೇಳಿದೆ.

"ಇಲ್ಲ ಗೌಡ್ರೇ, ನಂಗೇ ತಪ್ಪು ನೆನಪಿರಬೇಕು. ಆ ಗಿಡದಲ್ಲಿ ಬರೀ ಮೊಗ್ಗಿತ್ತು. ಹೂ ಇರಲಿಲ್ಲ ಅನ್ಸುತ್ತೆ."

ಗೌಡರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖದ ಕಡೆ ತಿರುಗಿದರು. ನನಗೆ ಏನು ಕೊಟ್ಟರೆ ಸಮಾಧಾನವಾದೀತು ಎಂದು ಹುಡುಕುವ ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

"ಹೌದು ಹೌದು, ನೀವು ಹೇಳಿದ್ಮೇಲೆ ನೆನಪಾಯ್ತು. ಮೊಗ್ಗೇ ಇದ್ದದ್ದು. ಹೂ ಎಲ್ಲಿ ಇತ್ತು? ಕುಡೀರಿ, ಕಾಫಿ ಆರ್ತದೆ."